ರೂಟ್ ಒಳಗಿನದ್ದು ≥ 0 ಅಂತ ಬರೆದ್ರೆ ಮುಗೀತಾ?

(1)

ಇವತ್ತು ಜಗಳ ಆಡೋಕೇ ಬಂದಿದ್ದೀನಿ. ಸೇವ್ ಮಾಡ್ಕೊಂಡು ಆಮೇಲೆ ಓದ್ತೀನಿ ಅನ್ಬೇಡಿ, ಆ ಫೋಲ್ಡರ್ ಯಾರೂ ತೆಗೆಯಲ್ಲ ಅಂತ ನನಗೂ ಗೊತ್ತು, ನಿಮಗೂ ಗೊತ್ತು.

ಪಿಯುಸಿ ಗಣಿತದ ರೀಲ್ಸ್ ನೋಡೋರಿಗೆಲ್ಲ ಈ ಡೈಲಾಗ್ ಬಾಯಿಪಾಠ ಆಗಿರುತ್ತೆ. ಸ್ಕ್ವೇರ್ ರೂಟ್ ಕಂಡ ತಕ್ಷಣ ಒಳಗಿರೋದನ್ನ ≥ 0 ಅಂತ ಹಾಕಿ, ಸಾಲ್ವ್ ಮಾಡಿ, ಡೊಮೈನ್ ಬಂತು. ರೇಂಜ್ ಯಾವಾಗ್ಲೂ ಸೊನ್ನೆಯಿಂದ ಇನ್ಫಿನಿಟಿ. ಹತ್ತು ಸೆಕೆಂಡ್, ಒಂದು ಮಾರ್ಕ್ಸ್ ಜೇಬಿಗೆ. ಹಿಂದೆ ಮ್ಯೂಸಿಕ್, ಮುಂದೆ ಬೆರಳು ತೋರಿಸೋ ಅಣ್ಣ.

ಇದರ ಮೊದಲರ್ಧ ನಿಜ, ಆದರೆ ಕಾರಣ ಕತ್ತರಿಸಿ ಎಸೆದ ನಿಜ. ಎರಡನೇ ಅರ್ಧ ಸುಳ್ಳು. ಈ ಸುಳ್ಳನ್ನ ನಂಬಿಕೊಂಡು ಫಸ್ಟ್ ಪಿಯು ದಾಟಿದವರು ಸೆಕೆಂಡ್ ಪಿಯುನಲ್ಲಿ ಹೇಗೆ ಒದ್ದಾಡ್ತಾರೆ ಅನ್ನೋದನ್ನ ಕೊನೆ ಕೊನೆಗೆ ಹೇಳ್ತೀನಿ. ಮೊದಲು ಫೋಟೊ ನೋಡಿ. ನಾನೇ ಗ್ರಾಫ್ ಶೀಟ್ ಮೇಲೆ ಬಿಡಿಸಿದ್ದು, ಸ್ಕೇಲ್ ಹಿಡಿದೇ ಎಳೆದಿದ್ದೀನಿ, ವಕ್ರ ಕಂಡರೆ ಅದು ಕ್ಯಾಮೆರಾ ತಪ್ಪು.

ವೈ = √(ಎಕ್ಸ್ − 3). ಇದು 3ರಲ್ಲಿ ಹುಟ್ಟಿ ಬಲಕ್ಕೆ ಹೋಗುತ್ತೆ, ನಿಧಾನವಾಗಿ ಮೇಲೇರುತ್ತೆ, ಎಲ್ಲೂ ನಿಲ್ಲಲ್ಲ. ಡೊಮೈನ್ [3, ∞), ರೇಂಜ್ [0, ∞). ಇಲ್ಲಿ ಟ್ರಿಕ್ ಕೆಲಸ ಮಾಡ್ತು. ಟ್ರಿಕ್ ಮಾರೋರು ಯಾವಾಗಲೂ ಇದೇ ಉದಾಹರಣೆ ತಗೊಳ್ತಾರೆ. ಯಾಕೆ ಅಂತ ಈಗ ಸ್ವೈಪ್ ಮಾಡಿ ನೋಡಿ.

(2)

ವೈ = √(9 − ಎಕ್ಸ್²). ಎನ್‌ಸಿಇಆರ್‌ಟಿ ಪುಸ್ತಕದ ಅಭ್ಯಾಸದಲ್ಲೇ ಇರೋ ಲೆಕ್ಕ, ನಾನೇನೂ ಐಐಟಿ ಪೇಪರಿಂದ ಎತ್ತಿಕೊಂಡು ಬಂದಿಲ್ಲ.

ಡೊಮೈನ್ ಸಿಕ್ತು: ಎಕ್ಸ್² ಅನ್ನೋದು 9 ದಾಟಬಾರದು, ಅಂದ್ರೆ −3 ಇಂದ 3ರ ತನಕ. ಈಗ ರೇಂಜ್? ಟ್ರಿಕ್ ಪ್ರಕಾರ ಸೊನ್ನೆಯಿಂದ ಇನ್ಫಿನಿಟಿ. ಸರಿ, ಹಾಗಾದ್ರೆ 100 ಬರೋ ಹಾಗೆ ಒಂದು ಎಕ್ಸ್ ಕೊಡಿ ನೋಡೋಣ. ಬೇಡ, 100 ಜಾಸ್ತಿ ಆಯ್ತು, 4 ಬರೋ ಹಾಗೆ ಕೊಡಿ. ಆಗಲ್ಲ. ರೂಟ್ ಒಳಗೆ 9ಕ್ಕಿಂತ ಹೆಚ್ಚು ಇರೋಕೆ ಸಾಧ್ಯವೇ ಇಲ್ಲ, ಯಾಕಂದ್ರೆ 9ರಿಂದ ನಾವು ಒಂದು ವರ್ಗವನ್ನ ಕಳೀತಾ ಇದ್ದೀವಿ. ಹಾಗಾಗಿ ಮೇಲಿನ ಮಿತಿ 3. ರೇಂಜ್ [0, 3].

ಫೋಟೊದಲ್ಲಿ ಕಾಣ್ತಿರೋದು ಅರ್ಧವೃತ್ತ, ತ್ರಿಜ್ಯ 3, ಎಕ್ಸ್ ಅಕ್ಷದ ಮೇಲ್ಭಾಗ ಮಾತ್ರ. ಈ ಚಿತ್ರ ತಲೇಲಿದ್ರೆ ಡೊಮೈನ್, ರೇಂಜ್ ಎರಡಕ್ಕೂ ಪೆನ್ ಮುಟ್ಟೋದೇ ಬೇಡ. ಎಡದಿಂದ ಬಲಕ್ಕೆ ಎಷ್ಟು ಅಗಲ ಅಂತ ನೋಡಿ, ಕೆಳಗಿಂದ ಮೇಲಕ್ಕೆ ಎಷ್ಟು ಎತ್ತರ ಅಂತ ನೋಡಿ, ಅಷ್ಟೇ.

ಇನ್ನೂ ಮೂರು ಬೇಗ ಬೇಗ ಹೇಳಿಬಿಡ್ತೀನಿ. √(ಎಕ್ಸ್² + 4): ಇಲ್ಲಿ ಯಾವ ಎಕ್ಸ್ ಹಾಕಿದ್ರೂ ನಡೆಯುತ್ತೆ, ಆದರೆ ಉತ್ತರ 2ಕ್ಕಿಂತ ಕೆಳಗೆ ಇಳಿಯಲ್ಲ, ರೇಂಜ್ [2, ∞). ಮುಂದೆ 5 − √ಎಕ್ಸ್: ರೇಂಜ್ (−∞, 5], ಅಂದ್ರೆ ಟ್ರಿಕ್ ಹೇಳೋ ದಿಕ್ಕಿಗೆ ಉಲ್ಟಾ ಹೋಗಿ ಕೂತಿದೆ. ಆಮೇಲೆ 1/√(ಎಕ್ಸ್ − 2): ಇಲ್ಲಿ ≥ ಅಂತ ಬರೆದವರಿಗೆ ಡೊಮೈನೇ ತಪ್ಪು, ಯಾಕಂದ್ರೆ 2 ಹಾಕಿದ್ರೆ ಛೇದದಲ್ಲಿ ಸೊನ್ನೆ ಕೂತ್ಕೊಳ್ಳುತ್ತೆ. ಡೊಮೈನ್ (2, ∞), ರೇಂಜ್ (0, ∞). ಸೊನ್ನೆ ಎರಡೂ ಕಡೆ ಹೊರಗೆ.

ನಾಲ್ಕು ಲೆಕ್ಕ, ನಾಲ್ಕರಲ್ಲೂ ಟ್ರಿಕ್ ಮಗುಚಿ ಬಿತ್ತು.

(3)

"ರೂಟ್ 9 ಎಷ್ಟು?" ಅಂತ ಕ್ಲಾಸಲ್ಲಿ ಕೇಳಿ. ಅರ್ಧ ಜನ 3 ಅಂತಾರೆ, ಇನ್ನರ್ಧ ಜನ ±3 ಅಂತಾರೆ, ಒಬ್ಬ ಮಾತ್ರ "ಡಿಪೆಂಡ್ಸ್" ಅಂತಾನೆ, ಅವನು ಎಲ್ಲದಕ್ಕೂ ಹಾಗೇ ಅನ್ನೋದು.

ಉತ್ತರ 3. ಬರೀ 3.

±3 ಅನ್ನೋರು ಬೇರೆ ಪ್ರಶ್ನೆಗೆ ಉತ್ತರ ಹೇಳ್ತಿದ್ದಾರೆ. ಎಕ್ಸ್² = 9 ಆಗಿದ್ರೆ ಎಕ್ಸ್ ಎಷ್ಟು ಅಂತ ಕೇಳಿದ್ರೆ ಎರಡು ಉತ್ತರ ಇವೆ, 3 ಮತ್ತು −3. ಆದರೆ √ ಅನ್ನೋ ಗುರುತು ಬೇರೆ. ಅದು ಎರಡರಲ್ಲಿ ಋಣ ಅಲ್ಲದ್ದನ್ನ ಮಾತ್ರ ಕೊಡು ಅನ್ನೋ ಆಜ್ಞೆ. ನಂಬಿಕೆ ಇಲ್ವಾ? ಹತ್ತನೇ ಕ್ಲಾಸಿನಿಂದ ಜಪ ಮಾಡ್ತಿರೋ ವರ್ಗ ಸಮೀಕರಣದ ಸೂತ್ರ ನೆನಪು ಮಾಡ್ಕೊಳ್ಳಿ. ಅಲ್ಲಿ ರೂಟಿನ ಮುಂದೆ ± ಅಂತ ಕೈಯಾರೆ ಬರೀತೀವಿ. √ ಒಂದೇ ಎರಡೂ ಉತ್ತರ ಕೊಡೋ ಹಾಗಿದ್ರೆ ಆ ± ಯಾಕೆ ಬೇಕಿತ್ತು?

ಯಾಕೆ ಹೀಗೆ ಒಂದನ್ನೇ ಆರಿಸಿದ್ರು ಅಂದ್ರೆ, ಫಂಕ್ಷನ್ ಅಂತ ಕರೀಬೇಕಾದ್ರೆ ಒಂದು ಎಕ್ಸ್‌ಗೆ ಒಂದೇ ಉತ್ತರ ಇರಬೇಕು. ಎರಡು ಬಂದ್ರೆ ಅದು ಫಂಕ್ಷನ್ ಅಲ್ಲ. ಹಾಗಾಗಿ ರೇಂಜ್‌ನಲ್ಲಿ ಋಣ ಸಂಖ್ಯೆ ಇಲ್ಲ ಅನ್ನೋದು ಪ್ರಕೃತಿ ನಿಯಮ ಏನೂ ಅಲ್ಲ, ಜನ ಸೇರಿ ಮಾಡಿಕೊಂಡ ಒಪ್ಪಂದ. ಡೊಮೈನ್‌ನ ಕಥೆ ಬೇರೆ. ವಾಸ್ತವ ಸಂಖ್ಯೆಗಳಲ್ಲಿ ಯಾವುದನ್ನ ಅದರಿಂದಲೇ ಗುಣಿಸಿದ್ರೂ ಋಣ ಬರಲ್ಲ, ಅದು ಒಪ್ಪಂದ ಅಲ್ಲ, ಅದು ಹಾಗೇ ಇರೋದು. ಈ ಒಂದು ವ್ಯತ್ಯಾಸ ಯಾವ ರೀಲ್‌ನಲ್ಲೂ ನನಗೆ ಸಿಕ್ಕಿಲ್ಲ. ಒಂದೇ ಗುರುತಿನ ಕೆಳಗೆ ಒಂದು ನಿರ್ಬಂಧ, ಒಂದು ಆಯ್ಕೆ, ಎರಡು ಬೇರೆ ಬೇರೆ ವಿಷಯ ಇವೆ. ಎರಡನ್ನೂ "≥ 0" ಅಂತ ಒಂದೇ ಡಬ್ಬಿಗೆ ತುಂಬಿ ಮುಚ್ಚಳ ಹಾಕಿಬಿಟ್ಟಿದ್ದಾರೆ.

(4)

ಈ ಫೋಟೊ ಲೆಕ್ಕದ್ದಲ್ಲ, ಕಲಬುರಗಿ ಜಿಲ್ಲೆಯ ನಕ್ಷೆ. ಕೆಂಪು ಚುಕ್ಕೆ ಇಟ್ಟಿರೋದು ಮಳಖೇಡ. ಒಂದು ಕಾಲದಲ್ಲಿ ಅದು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ.

ನೃಪತುಂಗ ಅಂದ್ರೆ ನಮಗೆ ಕವಿರಾಜಮಾರ್ಗ ಒಂದೇ ನೆನಪಾಗೋದು. ಅದೇ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯ ಅನ್ನೋ ಜೈನ ಗಣಿತಜ್ಞ ಗಣಿತಸಾರಸಂಗ್ರಹ ಅನ್ನೋ ಗ್ರಂಥ ಬರೆದ್ರು. ಸಂಸ್ಕೃತದಲ್ಲಿದೆ, ಆರಂಭದಲ್ಲಿ ಅಮೋಘವರ್ಷನ ಸ್ತುತಿಯೂ ಇದೆ. 1912ರಲ್ಲಿ ಮದ್ರಾಸಿನಿಂದ ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಜೊತೆ ಅದನ್ನ ಅಚ್ಚು ಹಾಕಿಸಿದ್ರು.

ಅದರಲ್ಲಿ ನಮ್ಮ ಜಗಳಕ್ಕೆ ಸಂಬಂಧಪಟ್ಟ ಎರಡು ಮಾತಿವೆ. ಧನ ಸಂಖ್ಯೆಯ ವರ್ಗವೂ ಧನ, ಋಣ ಸಂಖ್ಯೆಯ ವರ್ಗವೂ ಧನ, ಆ ವರ್ಗಗಳ ಮೂಲ ಕ್ರಮವಾಗಿ ಧನ ಮತ್ತು ಋಣ ಅನ್ನೋದು ಒಂದು. ಋಣ ಸಂಖ್ಯೆ ತನ್ನ ಸ್ವಭಾವದಿಂದಲೇ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲ ಇಲ್ಲ ಅನ್ನೋದು ಇನ್ನೊಂದು.

"ಆದ್ದರಿಂದ" ಅನ್ನೋ ಪದ ಗಮನಿಸಿದ್ರಾ? ಸಾವಿರದ ನೂರಕ್ಕೂ ಹೆಚ್ಚು ವರ್ಷದ ಹಿಂದೆ, ನಮ್ಮದೇ ನೆಲದಲ್ಲಿ, ಒಬ್ಬ ಮನುಷ್ಯ ನಿಯಮವನ್ನ ಕಾರಣದ ಸಮೇತ ಬರೆದಿಟ್ಟಿದ್ದಾನೆ. ನಾವು 5ಜಿ ಇಟ್ಕೊಂಡು ಕಾರಣ ಕತ್ತರಿಸಿ ನಿಯಮ ಮಾತ್ರ ಫಾರ್ವರ್ಡ್ ಮಾಡ್ತಿದ್ದೀವಿ. "ನಮ್ಮ ಪೂರ್ವಜರು ಎಲ್ಲ ಕಂಡುಹಿಡಿದಿದ್ರು" ಅಂತ ಸ್ಟೇಟಸ್ ಹಾಕೋ ಗೆಳೆಯರಿಗೆ ಒಂದೇ ವಿನಂತಿ: ಹೆಮ್ಮೆ ಇರಲಿ, ಆದರೆ ಅವರು ಬರೆದ ಆ ಒಂದು ಸಾಲಿನ ತರ್ಕ ನಿಮ್ಮ ನೋಟ್ಸ್‌ನಲ್ಲಿ ಇದ್ಯಾ ನೋಡಿ.

ಸೆಟ್‌ನಲ್ಲಿ ಇನ್ನೊಬ್ಬರು ಕೇಳೇ ಕೇಳ್ತಾರೆ: ಅದೇ ಪಠ್ಯಪುಸ್ತಕದಲ್ಲಿ ಸ್ವಲ್ಪ ಮುಂದೆ ಹೋದ್ರೆ √−1 ಬರುತ್ತಲ್ಲ, ಕಾಂಪ್ಲೆಕ್ಸ್ ನಂಬರ್ಸ್, ಹಾಗಾದ್ರೆ ಮೊದಲು ಹೇಳಿದ್ದು ಸುಳ್ಳಾ? ಸುಳ್ಳಲ್ಲ. ಡೊಮೈನ್ ಕೇಳುವಾಗ "ರಿಯಲ್ ಫಂಕ್ಷನ್" ಅಂತ ಪ್ರಶ್ನೆಯಲ್ಲೇ ಬರೆದಿರುತ್ತೆ. ಆ ಪದವನ್ನ ನಾವು ಬಸ್ ಟಿಕೆಟ್ ಹಿಂಬದಿ ಅಕ್ಷರ ಓದೋ ಹಾಗೆ ಓದದೇ ಬಿಡ್ತೀವಿ. ಆಟ ಯಾವ ಮೈದಾನದಲ್ಲಿ ಅಂತ ಆ ಪದ ಹೇಳ್ತಿದೆ. ಮೈದಾನ ಬದಲಾದ್ರೆ ಬೌಂಡರಿ ಗೆರೆಯೂ ಬದಲಾಗುತ್ತೆ.

(5)

ಇದೊಂದು ಸಣ್ಣದು, ಆದರೆ ಉರಿ ಜಾಸ್ತಿ.

√ ಗುರುತು ಅಚ್ಚಿನಲ್ಲಿ ಮೊದಲು ಬಂದಿದ್ದು 1525ರಲ್ಲಿ, ಕ್ರಿಸ್ಟಾಫ್ ರುಡಾಲ್ಫ್ ಅನ್ನೋರ ಜರ್ಮನ್ ಪುಸ್ತಕದಲ್ಲಿ. ಆಗ ಅದಕ್ಕೆ ತಲೆ ಮೇಲಿನ ಉದ್ದ ಗೆರೆ ಇರಲಿಲ್ಲ. ಗೆರೆ ಸೇರಿಸಿ ಬಳಸಿದ್ದು ಡೆಕಾರ್ಟ್, 1637ರಲ್ಲಿ. ಆ ಗೆರೆ ಅಲಂಕಾರಕ್ಕಲ್ಲ. ಎಲ್ಲಿಯ ತನಕ ರೂಟ್ ಹಿಡಿದಿದೆ ಅಂತ ಅದು ಹೇಳುತ್ತೆ.

ಬೋರ್ಡ್‌ನಿಂದ ಕಾಪಿ ಮಾಡುವಾಗ ಗೆರೆಯನ್ನ ಅರ್ಧ ಇಂಚು ಚಿಕ್ಕದು ಮಾಡಿ ನೋಡಿ. √(ಎಕ್ಸ್ + 3) ಹೋಗಿ √ಎಕ್ಸ್ + 3 ಆಗುತ್ತೆ. ಮೊದಲನೆಯದಕ್ಕೆ ಡೊಮೈನ್ [−3, ∞), ರೇಂಜ್ [0, ∞). ಎರಡನೆಯದಕ್ಕೆ ಡೊಮೈನ್ [0, ∞), ರೇಂಜ್ [3, ∞). ಒಂದು ಗ್ರಾಫ್ ಎಡಕ್ಕೆ ಸರಿದಿದೆ, ಇನ್ನೊಂದು ಮೇಲಕ್ಕೆ ಎದ್ದಿದೆ. ಕೈಬರಹ ಚೆನ್ನಾಗಿಲ್ಲ ಅಂತ ಮಾರ್ಕ್ಸ್ ಹೋಯ್ತು ಅಂತ ಗೊಣಗೋರು ಇದನ್ನೊಮ್ಮೆ ಚೆಕ್ ಮಾಡಿ.

(6)

ಈಗ ನಿಜವಾದ ಜಗಳ. ಟ್ರಿಕ್ ಮಾಡೋ ಅಪಾಯ ಬರೀ ರೇಂಜ್ ತಪ್ಪೋದಲ್ಲ. ಡೊಮೈನ್ ಅಂದ್ರೆ ಲೆಕ್ಕ ಮುಗಿದ ಮೇಲೆ ಕಟ್ಟೋ ಟ್ಯಾಕ್ಸ್ ಅನ್ನೋ ಭಾವನೆ ತಲೆಗೆ ಹೋಗುತ್ತೆ. ಅದು ಮೊದಲೇ ಬರಬೇಕಾದದ್ದು. ಸೂತ್ರ ಎಷ್ಟು ಮುಖ್ಯವೋ ಡೊಮೈನೂ ಫಂಕ್ಷನ್‌ನ ಅಷ್ಟೇ ಭಾಗ.

ಎಡಗಡೆ ಫೋಟೊ: √((ಎಕ್ಸ್ − 1)/(ಎಕ್ಸ್ − 4)), ಇಡೀ ಭಿನ್ನರಾಶಿ ಒಂದೇ ರೂಟ್ ಒಳಗೆ.
ಬಲಗಡೆ ಫೋಟೊ: √(ಎಕ್ಸ್ − 1) ಭಾಗಿಸು √(ಎಕ್ಸ್ − 4), ಎರಡು ಬೇರೆ ಬೇರೆ ರೂಟ್.

ಎರಡೂ ಒಂದೇ ತಾನೆ, ರೂಟ್ ಒಳಗೆ ಹಾಕಿದ್ರೇನು ಹೊರಗೆ ಹಾಕಿದ್ರೇನು ಅಂತೀರಾ? ಎಕ್ಸ್ = 0 ಹಾಕಿ ನೋಡಿ. ಎಡಗಡೆಯದಕ್ಕೆ −1 ಭಾಗಿಸು −4, ಅಂದ್ರೆ ಕಾಲು, ಅದರ ರೂಟ್ ಅರ್ಧ. ಸಲೀಸಾಗಿ ಉತ್ತರ ಬಂತು. ಬಲಗಡೆಯದಕ್ಕೆ ಮೊದಲ ಹೆಜ್ಜೆಯಲ್ಲೇ √−1 ಬೇಕು, ಬಾಗಿಲು ಬಂದ್.

ಬಲಗಡೆಯದಕ್ಕೆ ಎರಡೂ ರೂಟ್ ಬದುಕಬೇಕು, ಹಾಗಾಗಿ ಡೊಮೈನ್ (4, ∞) ಮಾತ್ರ. ಎಡಗಡೆಯದಕ್ಕೆ ಭಾಗಾಕಾರದ ಫಲ ಋಣ ಆಗದಿದ್ರೆ ಸಾಕು. ಮೇಲಿನ ಅಂಶ, ಕೆಳಗಿನ ಛೇದ ಎರಡೂ ಋಣ ಆದ್ರೂ ನಡೆಯುತ್ತೆ. ಹಾಗಾಗಿ ಡೊಮೈನ್ (−∞, 1] ಮತ್ತು (4, ∞) ಸೇರಿ. 1 ಒಳಗೆ, 4 ಹೊರಗೆ, ಮಧ್ಯದಲ್ಲಿ ಖಾಲಿ.

ಇಲ್ಲೇ ಬಹಳ ಜನ ಜಾರೋದು. (ಎಕ್ಸ್ − 1)/(ಎಕ್ಸ್ − 4) ≥ 0 ಅಂತ ಬರೆದು, ಛೇದವನ್ನ ಆ ಕಡೆಗೆ ಕಳಿಸಿ, ಎಕ್ಸ್ ≥ 1 ಅಂತ ಮುಗಿಸ್ತಾರೆ. ಕೆಳಗಿರೋದು ಋಣ ಆದಾಗ ಗುಣಿಸಿದ್ರೆ ಅಸಮತೆಯ ಬಾಯಿ ತಿರುಗುತ್ತೆ ಅನ್ನೋದು ಗೊತ್ತಿದ್ದೂ ಟ್ರಿಕ್‌ನ ವೇಗದಲ್ಲಿ ಮರೆತು ಹೋಗುತ್ತೆ. ಆ ಉತ್ತರ ನಂಬಿ ಎಕ್ಸ್ = 2 ಹಾಕಿದ್ರೆ ರೂಟ್ ಒಳಗೆ −½. ಇಂಥ ಲೆಕ್ಕದಲ್ಲಿ 1, 4 ಎರಡನ್ನೂ ನಂಬರ್ ಲೈನ್ ಮೇಲೆ ಗುರುತಿಸಿ, ಮೂರು ಭಾಗದಲ್ಲೂ ಒಂದೊಂದು ಸಂಖ್ಯೆ ಹಾಕಿ ಚಿಹ್ನೆ ನೋಡೋದೇ ಸರಿಯಾದ ದಾರಿ. ಒಂದು ನಿಮಿಷವೂ ಆಗಲ್ಲ.

ರೇಂಜ್ ಇನ್ನೂ ಚೆಂದ. ರೂಟ್ ಒಳಗಿನದನ್ನ 1 + 3/(ಎಕ್ಸ್ − 4) ಅಂತ ಬರೀಬಹುದು. ಎಕ್ಸ್ 4ರ ಬಲಕ್ಕಿದ್ರೆ ಇದು 1ಕ್ಕಿಂತ ಹೆಚ್ಚು. ಎಕ್ಸ್ 1ರಲ್ಲೋ ಅದರ ಎಡಕ್ಕೋ ಇದ್ರೆ ಇದು 0 ಇಂದ ಶುರುವಾಗಿ 1ರ ಹತ್ತಿರ ಹೋಗುತ್ತೆ, ಮುಟ್ಟಲ್ಲ. ಸರಿಯಾಗಿ 1 ಬರೋಕೆ 3/(ಎಕ್ಸ್ − 4) ಸೊನ್ನೆ ಆಗಬೇಕು, ಅದು ಯಾವತ್ತೂ ಆಗಲ್ಲ. ಹಾಗಾಗಿ ರೇಂಜ್ [0, 1) ಮತ್ತು (1, ∞). ಮಧ್ಯದಲ್ಲಿ 1 ಅನ್ನೋ ಒಂದೇ ಒಂದು ತೂತು! "ಸೊನ್ನೆಯಿಂದ ಇನ್ಫಿನಿಟಿ" ಅಂದವರು ಆ ತೂತಿನೊಳಗೆ ಬಿದ್ದರು. ಬಲಗಡೆಯ ಫಂಕ್ಷನ್‌ಗೆ ರೇಂಜ್ (1, ∞) ಮಾತ್ರ.

ನೋಡೋಕೆ ಅವಳಿ, ಆದರೆ ಇಬ್ಬರ ಊರು ಬೇರೆ, ಮನೆ ಬೇರೆ. √ಎಕ್ಸ್ × √ಎಕ್ಸ್, √(ಎಕ್ಸ್²), ಬರೀ ಎಕ್ಸ್, ಈ ಮೂರು ಕೂಡ ಬೇರೆ ಬೇರೆ ಅಂತ ಒಪ್ಕೊಳ್ಳೋಕೆ ಕಷ್ಟ ಆಗ್ತಿದ್ರೆ −5 ಹಾಕಿ. ಮೊದಲನೆಯದಕ್ಕೆ ಉತ್ತರವೇ ಇಲ್ಲ, ಎರಡನೆಯದು 5 ಕೊಡುತ್ತೆ, ಮೂರನೆಯದು −5.

(7)

ರೇಂಜ್ ಅಂದ್ರೆ "ಅದೇನೋ ಕೊನೇಲಿ ಬರೆಯೋದು" ಅನ್ನೋರಿಗೆ ಈ ಸ್ಲೈಡ್.

√(ಎಕ್ಸ್ + 2) = ಎಕ್ಸ್. ಬಿಡಿಸಿ.

ಎರಡೂ ಕಡೆ ವರ್ಗ ಮಾಡ್ತೀರಿ, ಎಕ್ಸ್² − ಎಕ್ಸ್ − 2 = 0, ಉತ್ತರ 2 ಮತ್ತು −1. ಡೊಮೈನ್ ಚೆಕ್ ಮಾಡಿ ಅಂತ ಹೇಳಿಕೊಟ್ಟಿದ್ದಾರೆ, ಮಾಡ್ತೀರಿ: ಎಕ್ಸ್ ≥ −2 ಇರಬೇಕು. 2 ಪಾಸ್. −1 ಕೂಡ ಪಾಸ್! ಎರಡನ್ನೂ ಬರೆದು ಬಂದ್ರಿ. ತಪ್ಪು.

−1 ಹಾಕಿದ್ರೆ ಎಡಗಡೆ √1 = 1, ಬಲಗಡೆ −1. ಡೊಮೈನ್ ಈ ಕಳ್ಳನನ್ನ ಗೇಟ್ ಒಳಗೆ ಬಿಟ್ಟಿತು. ಹಿಡಿಯೋದು ರೇಂಜ್. √ ಅನ್ನೋದು ಋಣ ಕೊಡೋದೇ ಇಲ್ಲ, ಹಾಗಾಗಿ ಬಲಗಡೆ ಇರೋ ಎಕ್ಸ್ ಕೂಡ ಋಣ ಆಗೋ ಹಾಗಿಲ್ಲ. ಇಷ್ಟು ಮೊದಲೇ ಬರೆದಿಟ್ಟಿದ್ರೆ −1 ಬಂದ ಕ್ಷಣವೇ ಹೊರಗೆ. √(ಎಕ್ಸ್ + 1) + 5 = 0 ಅಂತ ಕೊಟ್ರೆ ಪೆನ್ ಎತ್ತೋದೇ ಬೇಡ, ಋಣ ಅಲ್ಲದ ಸಂಖ್ಯೆಗೆ 5 ಸೇರಿಸಿ ಸೊನ್ನೆ ಮಾಡೋಕೆ ಯಾರಿಂದಲೂ ಆಗಲ್ಲ.

ಮತ್ತೆ ಹಿಂದಿನ ಅರ್ಧವೃತ್ತಕ್ಕೆ ಬರೋಣ. ರೇಂಜ್ ಕಂಡುಹಿಡಿಯೋಕೆ ವೈ² = 9 − ಎಕ್ಸ್² ಅಂತ ಮಾಡಿ, ಎಕ್ಸ್² = 9 − ವೈ², ಹಾಗಾಗಿ ವೈ ಅನ್ನೋದು −3 ಇಂದ 3 ಅಂತ ತೆಗೀತಾರೆ. ದಾರಿ ಸರಿ ಇದೆ, ಆದರೆ ವರ್ಗ ಮಾಡಿದ ಕ್ಷಣ "ವೈ ಋಣ ಅಲ್ಲ" ಅನ್ನೋ ಮಾಹಿತಿ ಕಳೆದುಹೋಯ್ತು. ಅದನ್ನ ಪಕ್ಕದಲ್ಲಿ ಬರೆದುಕೊಂಡವರಿಗೆ [0, 3]. ಬರೆಯದವರಿಗೆ [−3, 3]. ಎಂಸಿಕ್ಯೂನಲ್ಲಿ ಆ ತಪ್ಪು ಉತ್ತರಕ್ಕೆ ಒಂದು ಆಪ್ಷನ್ ರೆಡಿ ಇರುತ್ತೆ, ಪ್ರಶ್ನೆ ಮಾಡಿದವರಿಗೆ ನಮ್ಮ ಅಭ್ಯಾಸ ಚೆನ್ನಾಗಿ ಗೊತ್ತು.

(8)

ಕಾಮೆಂಟ್‌ನಲ್ಲಿ ಬರೋ ಮಾತು ನನಗೆ ಈಗಲೇ ಕೇಳಿಸ್ತಿದೆ. "ಗುರೂ, ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ. ಒಂದಕ್ಕೆ 80 ಸೆಕೆಂಡ್. ನೆಗೆಟಿವ್ ಮಾರ್ಕಿಂಗೂ ಇಲ್ಲ. ಮಹಾವೀರಾಚಾರ್ಯರನ್ನ ನೆನೆಸ್ಕೊಂಡು ಕೂರೋಕೆ ಟೈಮ್ ಎಲ್ಲಿದೆ?"

ಟೈಮ್ ಇಲ್ಲ ಅನ್ನೋದು ನಿಜ. ಅದನ್ನ ಹಗುರವಾಗಿ ತಗೊಳ್ಳಲ್ಲ. ಮನೆಯಲ್ಲಿ ಫೀಸ್ ಕಟ್ಟೋಕೆ ಸಾಲ ಮಾಡಿರೋರಿಗೆ ರ‍್ಯಾಂಕ್ ಅನ್ನೋದು ಅಹಂಕಾರದ ವಿಷಯ ಅಲ್ಲ, ಸರ್ಕಾರಿ ಸೀಟಿನ ವಿಷಯ. ಶಾರ್ಟ್‌ಕಟ್ ಹುಡುಕೋರನ್ನ ನಾನು ಬೈಯಲ್ಲ. ನನ್ನ ಕೋಪ ಇರೋದು ಶಾರ್ಟ್‌ಕಟ್ ಅಂತ ಹೇಳಿ ತಪ್ಪು ಊರಿನ ಬಸ್ ಹತ್ತಿಸೋರ ಮೇಲೆ.

80 ಸೆಕೆಂಡ್‌ನಲ್ಲಿ ಆಗುತ್ತಾ ಅಂತ ನೋಡೋಣ. 7 − 2√(ಎಕ್ಸ್² − 6ಎಕ್ಸ್ + 13). ಡೊಮೈನ್, ರೇಂಜ್ ಎರಡೂ ಬೇಕು.

ಒಳಗಿಂದ ಹೊರಗೆ ಬನ್ನಿ, ಈರುಳ್ಳಿ ಸುಲಿಯೋದರ ಉಲ್ಟಾ. ಒಳಗಿರೋದು (ಎಕ್ಸ್ − 3)² + 4. ಅದು 4ಕ್ಕಿಂತ ಕೆಳಗೆ ಹೋಗಲ್ಲ, ಹಾಗಾಗಿ ಯಾವ ಎಕ್ಸ್ ಆದ್ರೂ ನಡೆಯುತ್ತೆ, ಡೊಮೈನ್ ಎಲ್ಲ ವಾಸ್ತವ ಸಂಖ್ಯೆಗಳು. ಅದರ ರೂಟ್ 2 ಅಥವಾ ಹೆಚ್ಚು. −2 ಇಂದ ಗುಣಿಸಿದ್ರೆ −4 ಅಥವಾ ಕಡಿಮೆ. 7 ಸೇರಿಸಿದ್ರೆ 3 ಅಥವಾ ಕಡಿಮೆ. ರೇಂಜ್ (−∞, 3]. ಮುಗೀತು. ನೀವು ಈ ಪ್ಯಾರಾ ಓದಿದ್ದು ಒಂದು ನಿಮಿಷದ ಒಳಗೇ ಇರಬೇಕು.

ಟ್ರಿಕ್ ದಾರಿಯಲ್ಲಿ ಏನಾಗುತ್ತೆ? ಎಕ್ಸ್² − 6ಎಕ್ಸ್ + 13 ≥ 0 ಅಂತ ಹಾಕಿ ಅಪವರ್ತನ ಮಾಡೋಕೆ ಹೋಗ್ತೀರಿ. ಆಗಲ್ಲ. ಸೂತ್ರ ಹಾಕ್ತೀರಿ, ಡಿಸ್ಕ್ರಿಮಿನೆಂಟ್ −16. "ರೂಟ್ಸ್ ಇಲ್ಲ, ಹಾಗಾದ್ರೆ ಡೊಮೈನ್ ಇಲ್ಲ" ಅಂತ ಗಾಬರಿ. ನಿಜ ಏನಂದ್ರೆ ರೂಟ್ಸ್ ಇಲ್ಲದೇ ಇರೋದರಿಂದಲೇ ಅದು ಎಲ್ಲೂ ಸೊನ್ನೆ ಮುಟ್ಟಲ್ಲ, ಎಲ್ಲ ಕಡೆ ಧನ. ಅರ್ಥ ಪೂರ್ತಿ ಉಲ್ಟಾ ಆಗಿಹೋಯ್ತು.

ಹಾಗೇ ಒಂದು ತುಂಟ ಲೆಕ್ಕ: √(ಎಕ್ಸ್ − 5) + √(3 − ಎಕ್ಸ್). ರೇಂಜ್ ಹೇಳಿ? ಹೇಳೋಕೆ ಮುಂಚೆ ಒಂದೇ ಒಂದು ಎಕ್ಸ್ ಹುಡುಕಿ. ಮೊದಲನೆಯದಕ್ಕೆ 5 ಅಥವಾ ಹೆಚ್ಚು ಬೇಕು, ಎರಡನೆಯದಕ್ಕೆ 3 ಅಥವಾ ಕಡಿಮೆ. ಇಬ್ಬರನ್ನೂ ಒಪ್ಪಿಸೋ ಗಂಡು ಈ ನಂಬರ್ ಲೈನ್ ಮೇಲೆ ಹುಟ್ಟೇ ಇಲ್ಲ. ಕಾಗದದ ಮೇಲೆ ಫಂಕ್ಷನ್ ಥರ ಕಾಣೋದೆಲ್ಲ ಏನಾದ್ರೂ ಕೊಡುತ್ತೆ ಅಂತ ಅಂದುಕೊಳ್ಳಬೇಡಿ.

(9)

ಜೋಗದ ಫೋಟೊ ಹಾಕಿದ್ದಕ್ಕೆ ಕ್ಷಮೆ ಇಲ್ಲ. ಮಳೆಗಾಲದಲ್ಲಿ ಜೋಗ ಹಾಕದ ಪೇಜ್ ಯಾವುದಿದೆ. ಆದರೆ ನನಗೆ ಬೇಕಿರೋದು ಅದರ ಎತ್ತರ, 253 ಮೀಟರ್.

ಒಂದು ಕಲ್ಲನ್ನ ಕೈಬಿಟ್ರೆ ಡಿ ಮೀಟರ್ ಬೀಳೋಕೆ ಎಷ್ಟು ಸೆಕೆಂಡ್? ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದ್ರೆ √(2ಡಿ/9.8). (ನಿಜವಾಗಿ ಅಲ್ಲಿ ಕಲ್ಲು ಎಸೆಯೋಕೆ ಹೋಗಬೇಡಿ, ಕೆಳಗೆ ಜನ ಇರ್ತಾರೆ.)

ಈಗ ಡೊಮೈನ್ ಹೇಳಿ. ರೀಲ್ ಓದಿದವರು [0, ∞) ಅಂತಾರೆ. ಸೂತ್ರಕ್ಕೆ ಅದು ಸರಿ. ಆದರೆ ಜೋಗದಲ್ಲಿ ಕಲ್ಲು 300 ಮೀಟರ್ ಬೀಳಲ್ಲ, ಅಷ್ಟು ಆಳವೇ ಇಲ್ಲ. ಇಲ್ಲಿನ ಡೊಮೈನ್ [0, 253], ರೇಂಜ್ ಸೊನ್ನೆಯಿಂದ ಸುಮಾರು 7.2 ಸೆಕೆಂಡ್. ಅದೇ ಸೂತ್ರವನ್ನ ತಗೊಂಡು ನಿಮ್ಮ ಅಜ್ಜನ ಮನೆಯ 20 ಮೀಟರ್ ಬಾವಿ ಹತ್ತಿರ ಹೋದ್ರೆ ಡೊಮೈನ್ [0, 20], ರೇಂಜ್ ಸೊನ್ನೆಯಿಂದ ಸುಮಾರು 2 ಸೆಕೆಂಡ್. ಸೂತ್ರ ಒಂದೇ, ಫಂಕ್ಷನ್ ಎರಡು. ಯಾರಾದ್ರೂ ಬಂದು "ಬಾವಿಗೆ ಕಲ್ಲು ಹಾಕಿದೆ, 5 ಸೆಕೆಂಡ್ ಬೇಕಾಯ್ತು" ಅಂದ್ರೆ ನೀವು ತಕ್ಷಣ ನಗಬಹುದು, ಯಾಕಂದ್ರೆ 5 ಅನ್ನೋದು ರೇಂಜ್‌ನಲ್ಲೇ ಇಲ್ಲ. ರೇಂಜ್ ಗೊತ್ತಿರೋರಿಗೆ ಸುಳ್ಳು ಹಿಡಿಯೋದು ಸುಲಭ.

ಇಂಜಿನಿಯರಿಂಗ್, ಕೋಡಿಂಗ್ ಅಂತ ಕನಸು ಕಾಣ್ತಿರೋರು ಸ್ವಲ್ಪ ಇತ್ತ ಕಡೆ ನೋಡಿ. ಕ್ಯಾಲ್ಕುಲೇಟರ್‌ನಲ್ಲಿ √ ಒತ್ತಿ −4 ಹಾಕಿದ್ರೆ ಎರರ್ ಅಂತ ಬರುತ್ತಲ್ಲ, ಅದನ್ನ ಬರೆದ ಮನುಷ್ಯ ಡೊಮೈನ್ ಯೋಚನೆ ಮಾಡಿದ್ದ. √9 ಹಾಕಿದ್ರೆ ಬರೀ 3 ಬರುತ್ತಲ್ಲ, ಅವನು ರೇಂಜ್ ಕೂಡ ಯೋಚನೆ ಮಾಡಿದ್ದ. ನಾಳೆ ಆ ಕುರ್ಚಿಯಲ್ಲಿ ನೀವು ಕೂರ್ತೀರಿ.

(10)

ಸೆಕೆಂಡ್ ಪಿಯು ವಿಷಯ ಬಾಕಿ ಇತ್ತು.

ವರ್ಗ ಮಾಡೋದು, ವರ್ಗಮೂಲ ತೆಗೆಯೋದು ಒಂದಕ್ಕೊಂದು ಉಲ್ಟಾ ಅಂತೀವಿ. ಪೂರ್ತಿ ಉಲ್ಟಾ ಅಲ್ಲ. −3ನ್ನ ವರ್ಗ ಮಾಡಿ ರೂಟ್ ತೆಗೆದ್ರೆ 3 ಬರುತ್ತೆ, ಹೋದ ದಾರೀಲಿ ವಾಪಸ್ ಬರಲಿಲ್ಲ. ಅದಕ್ಕೇ ಎಕ್ಸ್² ಅನ್ನೋದನ್ನ ಎಕ್ಸ್ ≥ 0 ಅಂತ ಅರ್ಧಕ್ಕೆ ಕಟ್ಟಿಹಾಕಿ, ಆ ಅರ್ಧಕ್ಕೆ ಮಾತ್ರ ರೂಟ್ ಉಲ್ಟಾ ಅಂತ ಒಪ್ಪಂದ ಮಾಡಿಕೊಂಡ್ರು. ಒಂದರ ಡೊಮೈನ್ ಇನ್ನೊಂದರ ರೇಂಜ್ ಆಗುತ್ತೆ, ಅದಲು ಬದಲು.

ಇದು ಕೈಗೆ ಹತ್ತಿದವರಿಗೆ ಸೆಕೆಂಡ್ ಪಿಯು ಇನ್ವರ್ಸ್ ಟ್ರಿಗನಾಮೆಟ್ರಿ ಹಳೇ ಗೆಳೆಯನ ಥರ ಕಾಣುತ್ತೆ. ಸೈನ್ ಇನ್ವರ್ಸ್‌ನ ರೇಂಜ್ [−π/2, π/2] ಯಾಕೆ ಅಂತ ಕೇಳಿದ್ರೆ ಅದೇ ಉತ್ತರ: ಸೈನ್ ಒಂದೇ ಬೆಲೆಯನ್ನ ಎಷ್ಟೋ ಕೋನಕ್ಕೆ ಕೊಡುತ್ತೆ, ಒಂದು ತುಂಡನ್ನ ಆರಿಸಿಕೊಂಡ್ರು. ರೂಟ್‌ಗೆ ಮೇಲರ್ಧ ಆರಿಸಿದ ಹಾಗೆ. ಹತ್ತಿಲ್ಲದವರು ಆರು ಫಂಕ್ಷನ್‌ಗಳ ಡೊಮೈನ್, ರೇಂಜ್ ಟೇಬಲ್ ಉರು ಹೊಡೀತಾರೆ, ಪರೀಕ್ಷೆ ಹಾಲಿನಲ್ಲಿ ಎರಡು ಸಾಲು ಅದಲು ಬದಲು ಆಗುತ್ತೆ. ಡೆರಿವೇಟಿವ್ ಬಂದಾಗಲೂ ಅಷ್ಟೇ. √ಎಕ್ಸ್‌ಗೆ 0 ಹಾಕಬಹುದು, ಆದರೆ ಅದರ ಡೆರಿವೇಟಿವ್ 1/(2√ಎಕ್ಸ್) ಗೆ 0 ಹಾಕೋಕಾಗಲ್ಲ. ಡೊಮೈನ್ ನೋಡದೇ ಓಡೋರಿಗೆ ಅಲ್ಲಿ ಕಾಲು ಸಿಕ್ಕಿಹಾಕಿಕೊಳ್ಳುತ್ತೆ.

ಎಸ್ಸೆಸ್ಸೆಲ್ಸಿ ತನಕ ಕನ್ನಡ ಮೀಡಿಯಂನಲ್ಲಿ ಓದಿ ಪಿಯು ಸೈನ್ಸ್‌ಗೆ ಬಂದ ಗೆಳೆಯರೇ, ನಿಮಗೆ ಒಂದು ಮಾತು ಬೇರೆಯಾಗಿ. ಡೊಮೈನ್, ರೇಂಜ್ ಅಂತ ಮೊದಲ ವಾರದಲ್ಲಿ ಕಿವಿಗೆ ಬಿದ್ದಾಗ ಆ ಪದಗಳೇ ಅಡ್ಡ ಬರುತ್ತೆ, ವಿಷಯ ಅಲ್ಲ. ಕ್ಲಾಸಲ್ಲಿ ಕೈ ಎತ್ತೋಕೆ ಮುಜುಗರ ಆಗಿ ರೀಲ್ ಕಡೆ ಹೋಗ್ತೀರಿ, ಅಲ್ಲಿ ಕನ್ನಡದಲ್ಲಿ ಹೇಳ್ತಾರೆ ಅನ್ನೋ ಒಂದೇ ಕಾರಣಕ್ಕೆ ನಂಬ್ತೀರಿ. ಕನ್ನಡದಲ್ಲಿ ಹೇಳೋರು ಇರೋದು ಒಳ್ಳೇದೇ. ಅದಕ್ಕೇ ನಾನೂ ಇಲ್ಲಿ ಬರೀತಿರೋದು. ಆದರೆ ಯಾರು ಯಾವ ಭಾಷೇಲಿ ಹೇಳಿದ್ರೂ ಎರಡು ಪ್ರಶ್ನೆ ಕೇಳಿ: ಇದಕ್ಕೆ ಏನನ್ನ ಹಾಕಬಹುದು? ಇದರಿಂದ ಏನು ಹೊರಗೆ ಬರಬಹುದು? ಪ್ರತಿ ಸಲ ಒಂದು ಸಂಖ್ಯೆ ಹಾಕಿ ಪರೀಕ್ಷೆ ಮಾಡಿ. ನಾನು ಮೇಲೆ ಬರೆದ ಲೆಕ್ಕಗಳನ್ನೂ ಸೇರಿಸಿ.

ಕಾಮೆಂಟ್‌ಗೆ ಒಂದು ಬಿಟ್ಟು ಹೋಗ್ತೀನಿ. √(4 − √(ಎಕ್ಸ್ − 1)). ರೂಟ್ ಒಳಗೆ ರೂಟ್. ಡೊಮೈನ್, ರೇಂಜ್ ಎರಡೂ ಬರೀರಿ, ಜೊತೆಗೆ ಯಾಕೆ ಅಂತ ಒಂದು ಸಾಲು ಬರೀರಿ. ಯಾಕೆ ಇಲ್ಲದ ಉತ್ತರಕ್ಕೆ ಹಾರ್ಟ್ ಕೊಡಲ್ಲ. 17 ಅನ್ನೋ ಸಂಖ್ಯೆ ಎಲ್ಲಾದ್ರೂ ಬಂದ್ರೆ ಸರಿಯಾದ ದಾರೀಲಿದ್ದೀರಿ.

#ಗಣಿತ #ವರ್ಗಮೂಲ #ಪಿಯುಸಿ #ಕನ್ನಡದಲ್ಲಿಗಣಿತ